ಹಳೇ ಕಂಪ್ಯೂಟರಿನ ಯಾವ ಭಾಗ ಹೊಸದಕ್ಕೆ ಬರಬಹುದು, ಯಾವುದು ಬೇಡ?

ಪ್ರಶ್ನೆ: 2014ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಹಾಸನದ ನಮ್ಮ ಮನೆಯಲ್ಲಿದೆ. ಕೋರ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್, ಡಿವಿಡಿ ರೈಟರ್, ವಿಜಿಎ ಮಾನಿಟರ್, 600 ವಿಎ ಯುಪಿಎಸ್. ಮಗಳು ಬಿಸಿಎ ಸೇರಿದ್ದಾಳೆ. ಐ5-12400ಎಫ್ ಪ್ರೊಸೆಸರ್, ಬಿ760 ಬೋರ್ಡ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಈ ಮೂರನ್ನು ಮಾತ್ರ ಹೊಸದಾಗಿ ಕೊಂಡು ಉಳಿದದ್ದೆಲ್ಲ ಹಳೇದೇ ಹಾಕಿದರೆ ನಡೆಯುತ್ತಾ?

ಉತ್ತರ: ಅರ್ಧ ನಡೆಯುತ್ತದೆ. ಆದರೆ ನೀವು ಅಂದುಕೊಂಡಿರುವ ಅರ್ಧ ಇರಲಿಕ್ಕಿಲ್ಲ.

ಇಂಥ ಪ್ರಶ್ನೆ ಬಂದಾಗಲೆಲ್ಲ ಎಲ್ಲರೂ ಮೊದಲು ಕೇಳುವುದು, "ಇದು ಹೊಸ ಬೋರ್ಡಿಗೆ ಕೂರುತ್ತಾ?" ಅಂತ. ಅದು ಸುಲಭದ ಪ್ರಶ್ನೆ, ಪಿನ್ ಎಣಿಸಿದರೆ ಉತ್ತರ ಸಿಗುತ್ತದೆ. ನಾನು ಇನ್ನೊಂದನ್ನೂ ಕೇಳುತ್ತೇನೆ: ಈ ಹಳೇ ಭಾಗ ಕೆಟ್ಟರೆ ಜೊತೆಗೆ ಇನ್ನೇನನ್ನು ಕರೆದುಕೊಂಡು ಹೋಗುತ್ತದೆ? ಡಿವಿಡಿ ರೈಟರ್ ಕೆಟ್ಟರೆ ಅದೊಂದೇ ಹೋಯಿತು, ಬಿಡಿ. ಹಾರ್ಡ್ ಡಿಸ್ಕ್ ಕೆಟ್ಟರೆ ಅದರಲ್ಲಿರುವ ಫೋಟೋಗಳೂ ಹೋದವು. ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಪೆಟ್ಟಿಗೆ ಎಸ್‌ಎಂಪಿಎಸ್, ಅದು ಕೆಟ್ಟರೆ ನಿನ್ನೆ ತಂದ ಮದರ್‌ಬೋರ್ಡೂ ಹೋಗಬಹುದು. ನಿಮ್ಮ ಪಟ್ಟಿಯನ್ನು ಈ ಲೆಕ್ಕದಲ್ಲೇ ನೋಡೋಣ.

ಮೊದಲು ಕೂರುವುದೇ ಇಲ್ಲದ್ದನ್ನು ಪಕ್ಕಕ್ಕಿಡೋಣ. ರ‍್ಯಾಮ್ ಬರುವುದಿಲ್ಲ. ಡಿಡಿಆರ್3 ಕಡ್ಡಿಗೆ 240 ಪಿನ್, ಡಿಡಿಆರ್4ಗೂ ಡಿಡಿಆರ್5ಗೂ 288. ನಡುವಿನ ಕಚ್ಚು ಕೂಡ ಮೂರರಲ್ಲೂ ಬೇರೆ ಬೇರೆ ಜಾಗದಲ್ಲಿದೆ. ತಪ್ಪಾಗಿ ಹಾಕಬಾರದು ಅಂತಲೇ ಹಾಗೆ ಮಾಡಿದ್ದಾರೆ. ಡಿಡಿಆರ್3 ಓಡುವುದು 1.5 ವೋಲ್ಟ್‌ನಲ್ಲಿ, ಡಿಡಿಆರ್4 1.2ರಲ್ಲಿ, ಡಿಡಿಆರ್5 1.1ರಲ್ಲಿ. ಒತ್ತಿದರೆ ಕೂರಬಹುದೇನೋ ಅಂತ ಪ್ರಯತ್ನ ಮಾಡಬೇಡಿ, ಸ್ಲಾಟ್ ಮುರಿಯುತ್ತದೆ. ರ‍್ಯಾಮ್ ಬೆಲೆ 2025ರ ಕೊನೆಯಿಂದ ಏರಿರುವುದು ನೋಡಿದರೆ ನಿಮ್ಮ ಆಸೆ ಅರ್ಥವಾಗುತ್ತದೆ. ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ಬಿ760 ಬೋರ್ಡುಗಳು ಡಿಡಿಆರ್4 ಮತ್ತು ಡಿಡಿಆರ್5 ಎರಡು ಬಗೆಯಲ್ಲಿ ಸಿಗುತ್ತವೆ. ಒಂದೇ ಬೋರ್ಡಿನಲ್ಲಿ ಎರಡನ್ನೂ ಹಾಕಲಾಗದು. ಹಾಗಾಗಿ ಮೊದಲು ರ‍್ಯಾಮ್ ಬೆಲೆ ವಿಚಾರಿಸಿ, ಆಮೇಲೆ ಬೋರ್ಡ್ ಕೊಳ್ಳಿ. ಸಂಬಂಧಿಕರ ಮನೆಯಲ್ಲಿ ಯಾರಾದರೂ ಡಿಡಿಆರ್4 ಕಡ್ಡಿಗಳನ್ನು ತೆಗೆದಿಟ್ಟಿದ್ದರೆ ಡಿಡಿಆರ್4 ಬೋರ್ಡನ್ನೇ ತಗೊಳ್ಳಿ. ಬಿಸಿಎ ಓದಿಗೆ ಈ ಪ್ರೊಸೆಸರಿನಲ್ಲಿ ಎರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಬರುವುದಿಲ್ಲ.

ಹಳೇ ಪ್ರೊಸೆಸರ್ ಫ್ಯಾನ್ ಕೂಡ ಬರುವುದಿಲ್ಲ. ನಿಮ್ಮ ಎಚ್81 ಬೋರ್ಡಿನಲ್ಲಿ ಫ್ಯಾನ್ ಕೂರುವ ತೂತುಗಳ ನಡುವೆ 75 ಮಿ.ಮೀ. ಅಂತರ, ಹೊಸದರಲ್ಲಿ 78. ಮೂರು ಮಿಲಿಮೀಟರಿನ ವ್ಯತ್ಯಾಸಕ್ಕೆ ಚೆನ್ನಾಗಿರುವ ಫ್ಯಾನ್ ದಂಡ. ಬಾಕ್ಸ್ ಸಮೇತ ಸಿಗುವ 12400 ಜೊತೆ ಫ್ಯಾನ್ ಬರುತ್ತದೆ, ಅದರ ತಳದಲ್ಲಿ ಥರ್ಮಲ್ ಪೇಸ್ಟ್ ಹಚ್ಚಿಯೇ ಇರುತ್ತದೆ. ಬಾಕ್ಸ್ ಇಲ್ಲದೆ "ಟ್ರೇ" ಅಂತ ಮಾರುವ ಪ್ರೊಸೆಸರಿಗೆ ಫ್ಯಾನ್ ಇರುವುದಿಲ್ಲ, ಬೆಲೆ ಹೋಲಿಸುವಾಗ ಇದನ್ನು ಮರೆಯಬೇಡಿ.

ಈಗ ಎಸ್‌ಎಂಪಿಎಸ್. ಈ ಉತ್ತರದಲ್ಲಿ ಒಂದೇ ಒಂದು ಪ್ಯಾರಾ ಓದುವಷ್ಟು ಪುರುಸೊತ್ತು ನಿಮಗಿದ್ದರೆ ಅದು ಇದಾಗಲಿ.

ಹಳೇ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಎಸ್‌ಎಂಪಿಎಸ್ ಮೇಲಿನ ಸ್ಟಿಕರ್ ಓದಿ. ದೊಡ್ಡದಾಗಿ 450 ಅಂತ ಬರೆದಿರುತ್ತದೆ. ಅದನ್ನು ಬಿಟ್ಟುಬಿಡಿ. ಕೆಳಗೆ ಸಣ್ಣ ಅಕ್ಷರದ ಒಂದು ಕೋಷ್ಟಕ ಇರುತ್ತದೆ: +3.3 ವೋಲ್ಟ್, +5 ವೋಲ್ಟ್, +12 ವೋಲ್ಟ್, ಪ್ರತಿಯೊಂದಕ್ಕೂ ಎಷ್ಟು ಆಂಪಿಯರ್ ಅಂತ. ನಿಮಗೆ ಬೇಕಾದ್ದು 12 ವೋಲ್ಟಿನ ಎದುರು ಇರುವ ಅಂಕಿ. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಾಗಿ ಅಲ್ಲಿಂದಲೇ ಕರೆಂಟ್ ಎಳೆಯುತ್ತವೆ. ಕ್ಯಾಬಿನೆಟ್ ಜೊತೆ ಫ್ರೀ ಬಂದ ಅಗ್ಗದ ಎಸ್‌ಎಂಪಿಎಸ್ ಆಗಿದ್ದರೆ ಅಲ್ಲಿ 16 ಆಂಪಿಯರ್ ಅಂತ ಇದ್ದರೂ ಆಶ್ಚರ್ಯವಿಲ್ಲ. 12 ಗುಣಿಸು 16, ಅಂದರೆ 192 ವ್ಯಾಟ್. ಉಳಿದದ್ದು 5 ಮತ್ತು 3.3 ವೋಲ್ಟಿನ ಲೆಕ್ಕದಲ್ಲಿ ಕೂತಿರುತ್ತದೆ. ಅಲ್ಲಿಂದ ನಿಮಗೆ ಹೆಚ್ಚು ಉಪಯೋಗವಿಲ್ಲ. 12400ಎಫ್ ಪೂರ್ತಿ ದುಡಿಯುವಾಗ 117 ವ್ಯಾಟ್‌ವರೆಗೆ ಎಳೆಯಬಹುದು ಅಂತ ಇಂಟೆಲ್ ಲೆಕ್ಕ. ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ 60. ಅಲ್ಲಿಗೇ 177 ಆಯಿತು. ಇನ್ನು ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲ ಬಾಕಿ. ಹನ್ನೊಂದು ವರ್ಷ ದುಡಿದ ಯಂತ್ರದ ಮೇಲೆ ಅಷ್ಟು ಹೊರಿಸುವುದು ಬೇಡ. ಒಳಗಿನ ಕ್ಯಾಪಾಸಿಟರ್‌ಗಳು ಬಿಸಿಗೆ ಒಣಗುತ್ತಾ ಬಂದಿರುತ್ತವೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ "ನೋಡಿ, ಫ್ಯಾನ್ ತಿರುಗಿತು, ಎಸ್‌ಎಂಪಿಎಸ್ ಚೆನ್ನಾಗಿದೆ" ಅನ್ನುವವರು ಇದ್ದಾರೆ. ಅದರಿಂದ ಗೊತ್ತಾಗುವುದು ಎಸ್‌ಎಂಪಿಎಸ್ ಆನ್ ಆಗುತ್ತದೆ ಅಂತ, ಅಷ್ಟೇ. ಹೊರೆ ಬಿದ್ದಾಗ ವೋಲ್ಟೇಜ್ ನಿಲ್ಲುತ್ತದೋ ಕುಸಿಯುತ್ತದೋ ಅನ್ನುವುದು ಹಾಗೆ ತಿಳಿಯುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ವರ್ಷಗಳ ಹಿಂದೆ ತಮ್ಮನಿಗೆ ಒಂದು ಸಿಸ್ಟಂ ಜೋಡಿಸಿಕೊಟ್ಟೆ. ಎಲ್ಲ ಹೊಸದು, ಎಸ್‌ಎಂಪಿಎಸ್ ಮಾತ್ರ ಹಳೇದು. ಮೂರು ವಾರ ಚೆನ್ನಾಗಿಯೇ ಓಡಿತು. ಒಂದು ಸಂಜೆ ಕರೆಂಟ್ ಹೋಗಿ ಬಂತು, ಟಪ್ ಅಂತ ಒಂದು ಸದ್ದು, ಆಮೇಲೆ ಸುಟ್ಟ ಮೀನಿನ ಥರದ ವಾಸನೆ. ಬೋರ್ಡ್ ಸತ್ತಿತ್ತು. ಜೊತೆಗೆ ಹಾರ್ಡ್ ಡಿಸ್ಕೂ. ಎಸ್‌ಎಂಪಿಎಸ್‌ನಲ್ಲಿ ಉಳಿಸಿದ ದುಡ್ಡಿನ ನಾಲ್ಕು ಪಟ್ಟು ಹೋಯಿತು. ತಮ್ಮ ಏನೂ ಅನ್ನಲಿಲ್ಲ, ಅವನ ಹೆಂಡತಿ ಹೇಳಬೇಕಾದ್ದನ್ನೆಲ್ಲ ಹೇಳಿದಳು.

ಒಳ್ಳೆ ಕಂಪನಿಯ 450 ಅಥವಾ 550 ವ್ಯಾಟಿನದು, ಕರೆಂಟ್ ಕಮ್ಮಿ ಪೋಲು ಮಾಡುತ್ತದೆ ಅನ್ನುವ 80 ಪ್ಲಸ್ ಬ್ರಾಂಜ್ ಗುರುತು ಇರುವುದು, ಐದು ವರ್ಷ ವಾರಂಟಿ ಇರುವುದು ಸಾಕು. ಪ್ರೊಸೆಸರಿಗೆ ಕೊಡುವ 8 ಪಿನ್ನಿನ ಕೇಬಲ್ ಇದೆಯೋ ನೋಡಿಕೊಳ್ಳಿ, ಹಳೇ ಎಸ್‌ಎಂಪಿಎಸ್‌ಗಳಲ್ಲಿ ಅಲ್ಲಿ 4 ಪಿನ್ ಮಾತ್ರ ಇರುತ್ತಿತ್ತು. ಇನ್ನೊಂದು ಮಾತು: ಬಿಚ್ಚಿ ಹಾಕಬಹುದಾದ ಕೇಬಲ್ ಇರುವ ಎಸ್‌ಎಂಪಿಎಸ್ ಕೊಂಡರೆ ಅದರ ಜೊತೆ ಬಂದ ಕೇಬಲ್ಲನ್ನೇ ಬಳಸಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಅದೇ ತೂತಿಗೆ ಸಲೀಸಾಗಿ ಕೂರುತ್ತದೆ. ಆದರೆ ಆ ತುದಿಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಬಂದರೆ ಡಿಸ್ಕ್ ಒಂದೇ ಕ್ಷಣದಲ್ಲಿ ಹೋಗುತ್ತದೆ.

ಇನ್ನು ಹಾರ್ಡ್ ಡಿಸ್ಕ್. ಇದು ಹೊಸ ಬೋರ್ಡಿಗೆ ಆರಾಮಾಗಿ ಸೇರುತ್ತದೆ, ಡಿಸ್ಕನ್ನು ಬೋರ್ಡಿಗೆ ಸೇರಿಸುವ ಸಾಟಾ ಕೇಬಲ್ ಅಂದಿನದೇ. ಆದರೆ ಅದನ್ನು ಬಿಚ್ಚುವ ಮುಂಚೆಯೇ, ಹಳೇ ಯಂತ್ರ ಇನ್ನೂ ಓಡುತ್ತಿರುವಾಗಲೇ, ಬೇಕಾದ್ದೆಲ್ಲವನ್ನೂ ಹೊರಗಿನ ಒಂದು ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ಮೇಲೆ ಬಲಕ್ಕೆ ಡಿಸ್ಕ್ ಇದುವರೆಗೆ ಎಷ್ಟು ಗಂಟೆ ಓಡಿದೆ ಅಂತ ತೋರಿಸುತ್ತದೆ. ದಿನಕ್ಕೆ 5 ಗಂಟೆ, ವರ್ಷಕ್ಕೆ 300 ದಿನ, 11 ವರ್ಷ ಅಂದುಕೊಂಡರೆ 16,500 ಆಗಬೇಕು. ಗಂಟೆ ಜಾಸ್ತಿ ಇದ್ದ ಮಾತ್ರಕ್ಕೆ ಹೆದರಬೇಡಿ. ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಅನ್ನುವ ಮೂರು ಸಾಲುಗಳನ್ನು ಹುಡುಕಿ. 05 ಅಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಡಲಾದ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳು. ಸಿ5 ಅಂದರೆ ಓದಲಾಗದೆ ಕಾಯುತ್ತಿರುವವು. ಸಿ6 ಅಂದರೆ ಸರಿಪಡಿಸಲಾಗದವು. ಕೊನೆಯ ಕಾಲಂನಲ್ಲಿ ಮೂರಕ್ಕೂ ಬರೀ ಸೊನ್ನೆಗಳಿದ್ದರೆ ಡಿಸ್ಕ್ ಇನ್ನೂ ಗಟ್ಟಿ. ಅಲ್ಲಿ ಅಂಕಿ ಹದಿನಾರರ ಲೆಕ್ಕದಲ್ಲಿ ಇರುತ್ತದೆ, 10 ಅಂತ ಕಂಡರೆ ಅದು ಹದಿನಾರು. ಸಿ5 ಸೊನ್ನೆ ಬಿಟ್ಟು ಮೇಲೇರಿದ್ದರೆ ಆ ಡಿಸ್ಕಿನ ಮೇಲೆ ಭಾರ ಹಾಕಬೇಡಿ. ಸಿ7 ಅನ್ನುವ ಸಾಲು ಒಂದೇ ಏರಿದ್ದರೆ ಸಾಮಾನ್ಯವಾಗಿ ದೋಷ ಇರುವುದು ಕೇಬಲ್ಲಿನಲ್ಲಿ. ಹೊಸ ಸಾಟಾ ಕೇಬಲ್ ಹಾಕಿ ನೋಡಿ. ಹಳೇ ಅಂಕಿ ಅಳಿಸಿಹೋಗುವುದಿಲ್ಲ, ಮತ್ತೆ ಏರದಿದ್ದರೆ ಸರಿಹೋಯಿತು ಅಂತ ಅರ್ಥ.

ಡಿಸ್ಕ್ ಚೆನ್ನಾಗಿದ್ದರೂ ಅದಕ್ಕೆ ಕೊಡುವ ಕೆಲಸ ಒಂದೇ: ಇನ್ನೊಂದು ಕಡೆ ಇರುವುದರ ಎರಡನೇ ಪ್ರತಿ ಇಟ್ಟುಕೊಳ್ಳುವುದು. ವಿಂಡೋಸ್ ಹೊಸ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ಬೋರ್ಡಿಗೇ ಕೂರುವ ವೇಗದ ಡಿಸ್ಕ್, ಅದರ ಮೇಲೆ ಇರಲಿ. ಮತ್ತೆ ಹೊಸ ವಿಂಡೋಸ್ ಹಾಕುವಾಗ ಹಳೇ ಡಿಸ್ಕಿನ ಕೇಬಲ್ ತೆಗೆದಿಡಿ. ಎರಡೂ ಡಿಸ್ಕ್ ಇದ್ದಾಗ ಇನ್‌ಸ್ಟಾಲರ್ ಕೆಲವು ಸಲ ಬೂಟ್ ಫೈಲ್‌ಗಳನ್ನು ಹಳೇ ಡಿಸ್ಕಿನ ಮೇಲೆ ಬರೆದುಬಿಡುತ್ತದೆ. ಆಗ ಎಲ್ಲ ಸರಿ ಇದೆ ಅನಿಸುತ್ತದೆ. ಎರಡು ವರ್ಷದ ಮೇಲೆ ಹಳೇ ಡಿಸ್ಕ್ ಸತ್ತ ದಿನ ಹೊಸ ಎಸ್‌ಎಸ್‌ಡಿಯಲ್ಲಿರುವ ವಿಂಡೋಸ್ ಕೂಡ ಏಳುವುದಿಲ್ಲ. ಕರೆದುಕೊಂಡು ಹೋಗುವುದು ಅಂದೆನಲ್ಲ, ಇದೂ ಅದೇ ಜಾತಿ.

ಹಳೇ ಡಿಸ್ಕ್ ಸೇರಿಸಿ ನಿಮ್ಮ ಹಳೇ ಫೋಲ್ಡರ್ ತೆರೆದರೆ ಅನುಮತಿ ಇಲ್ಲ ಅನ್ನಬಹುದು. ಗಾಬರಿ ಬೇಡ, "ಕಂಟಿನ್ಯೂ" ಒತ್ತಿ ಸ್ವಲ್ಪ ಹೊತ್ತು ಕಾದರೆ ಹೆಚ್ಚಿನ ಸಲ ತೆರೆಯುತ್ತದೆ. ಹಳೇದು ಲ್ಯಾಪ್‌ಟಾಪ್ ಆಗಿರುವ ಓದುಗರಿಗೆ ಒಂದು ಮಾತು: ಅದರಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಬೇರೆ ಯಂತ್ರಕ್ಕೆ ಹಾಕಿದ ತಕ್ಷಣ 48 ಅಂಕಿಯ ಕೀ ಕೇಳುತ್ತದೆ. ಬಿಚ್ಚುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ.

ನಮ್ಮ ಕಡೆಯವರಿಗೆ ಮಾತ್ರ ಎದುರಾಗುವ ಇನ್ನೊಂದು ತಾಪತ್ರಯ ಇದೆ. 2014ರ ಡಿಸ್ಕಿನಲ್ಲಿ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ವರ್ಡ್ ಫೈಲ್‌ಗಳು ಇದ್ದೇ ಇರುತ್ತವೆ ಅಲ್ವಾ? ಸೊಸೈಟಿಯ ಅರ್ಜಿ, ಮದುವೆ ಕರೆಯೋಲೆ, ಯಾರದೋ ಅಭಿನಂದನಾ ಪತ್ರ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಪೌಂಡ್ ಗುರುತು, ತಲೆ ಮೇಲೆ ಗೀಟು ಹಾಕಿದ ಇಂಗ್ಲಿಷ್ ಎ, ಹೀಗೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಫೈಲ್ ಹಾಳಾಯಿತು ಅಂತ ಅಳಿಸಿಬಿಡಬೇಡಿ. ಅವು ಯುನಿಕೋಡ್‌ಗಿಂತ ಹಿಂದಿನ ಪದ್ಧತಿಯಲ್ಲಿ ಟೈಪ್ ಮಾಡಿದವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತಿದ್ದದ್ದು ಆ ಫಾಂಟ್. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಹಳೇ ಡಿಸ್ಕಿನ ಸಿ ಡ್ರೈವ್, ವಿಂಡೋಸ್, ಫಾಂಟ್ಸ್ ಫೋಲ್ಡರಿಗೆ ಹೋಗಿ ನುಡಿ 01 ಇ ಥರದ ಫಾಂಟ್‌ಗಳನ್ನೆಲ್ಲ ಕಾಪಿ ಮಾಡಿಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿ. ಫೈಲ್ ಮೊದಲಿನಂತೆ ಕಾಣುತ್ತದೆ. ಪುರುಸೊತ್ತಾದಾಗ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಡಿಸ್ಕ್ ಫಾರ್ಮ್ಯಾಟ್ ಮಾಡಿದ ಮೇಲೆ ಫಾಂಟ್ ನೆನಪಾದವರು ನನಗೆ ಎಷ್ಟೋ ಸಲ ಫೋನ್ ಮಾಡಿದ್ದಾರೆ.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ನಿಮ್ಮ ಯೋಜನೆಯನ್ನೇ ಸ್ವಲ್ಪ ಬದಲಿಸಿ ಅನ್ನುತ್ತೇನೆ. 750 ಟಿಐ ಹೊಸ ಬೋರ್ಡಿನ ಸ್ಲಾಟಿಗೆ ಕೂರುತ್ತದೆ, ಪಿಸಿಐ ಎಕ್ಸ್‌ಪ್ರೆಸ್ ಅನ್ನುವ ಆ ಸ್ಲಾಟ್ ಹಳೇ ಕಾರ್ಡುಗಳಿಗೂ ಹೊಂದುತ್ತದೆ. ತೊಂದರೆ ಇರುವುದು 12400ಎಫ್ ಅನ್ನುವ ಹೆಸರಿನ ಕೊನೆಯ "ಎಫ್"ನಲ್ಲಿ. ಎಫ್ ಅಂದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ. ಮಾನಿಟರಿಗೆ ಚಿತ್ರ ಬರಬೇಕಾದರೆ ನಿಮ್ಮ ಹಳೇ ಕಾರ್ಡೇ ಗತಿ. ಬೋರ್ಡಿನ ಹಿಂದಿರುವ ಎಚ್‌ಡಿಎಂಐಗೆ ಕೇಬಲ್ ಚುಚ್ಚಿ "ಹೊಸ ಬೋರ್ಡೇ ಡೆಡ್" ಅಂತ ಅಂಗಡಿಗೆ ಹೊತ್ತುಕೊಂಡು ಹೋದವರನ್ನು ನೋಡಿದ್ದೇನೆ. ಅಲ್ಲಿಂದ ಚಿತ್ರ ಬರುವುದೇ ಇಲ್ಲ. ಆ ಕಾರ್ಡ್ ಪರೀಕ್ಷೆಯ ಹಿಂದಿನ ರಾತ್ರಿ ಕೈಕೊಟ್ಟರೆ? ಪ್ರೊಸೆಸರ್, ಬೋರ್ಡ್, ರ‍್ಯಾಮ್ ಎಲ್ಲ ಹೊಸದಾಗಿದ್ದೂ ಪರದೆ ಕಪ್ಪು.

ಅದಕ್ಕೇ ಸ್ವಲ್ಪ ದುಡ್ಡು ಜಾಸ್ತಿ ಆದರೂ ಎಫ್ ಇಲ್ಲದ 12400 ತಗೊಳ್ಳಿ. ಅದರೊಳಗೇ ಗ್ರಾಫಿಕ್ಸ್ ಇದೆ. ಪ್ರೋಗ್ರಾಮಿಂಗ್, ವಿಡಿಯೋ, ಆನ್‌ಲೈನ್ ಕ್ಲಾಸ್ ಎಲ್ಲಕ್ಕೂ ಸಾಕು. ಮಗಳಿಗೆ ಗೇಮ್ ಆಸೆ ಇದ್ದರೆ ಹಳೇ ಕಾರ್ಡನ್ನೂ ಹಾಕಿ, ಅದು ಇವತ್ತಿಗೂ ಒಳಗಿನ ಗ್ರಾಫಿಕ್ಸ್‌ಗಿಂತ ಜೋರು. ಆದರೆ 2 ಜಿಬಿ ಮೆಮೊರಿಯಲ್ಲಿ ಹೊಸ ಗೇಮ್‌ಗಳು ತೆವಳುತ್ತವೆ. ಹೊಸ ಗೇಮ್‌ಗಳಿಗೆ ತಕ್ಕ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ ಈ ಪೀಳಿಗೆಗೆ 2025ರಲ್ಲಿ ನಿಲ್ಲಿಸಿದೆ.

ಮಾನಿಟರ್ ಚೆನ್ನಾಗಿದ್ದರೆ ಇರಲಿ. ಅದರಲ್ಲಿ ವಿಜಿಎ ಮಾತ್ರ ಇದ್ದು ಹೊಸ ಬೋರ್ಡಿನಲ್ಲಿ ವಿಜಿಎ ಇಲ್ಲದಿದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಕನ್ವರ್ಟರ್ ಬೇಕು. ಎರಡು ತುದಿಗೆ ಎರಡು ಪ್ಲಗ್ ಇರುವ, ಒಳಗೆ ಬರೀ ತಂತಿ ಇರುವ ಕೇಬಲ್ ಕೊಟ್ಟರೆ ತಗೊಳ್ಳಬೇಡಿ. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್, ನಡುವೆ ಪರಿವರ್ತನೆ ಮಾಡುವ ಚಿಪ್ ಇರಲೇಬೇಕು. ದಿನಕ್ಕೆ ಆರು ಗಂಟೆ ಅದೇ ಪರದೆ ನೋಡುವವಳು ಮಗಳು, ಹಾಗಾಗಿ ಮುಂದಿನ ವರ್ಷ ಕೈಯಲ್ಲಿ ದುಡ್ಡು ಬಂದಾಗ ಮೊದಲು ಬದಲಿಸಬೇಕಾದ್ದು ಇದನ್ನೇ.

ಯುಪಿಎಸ್ ಹಾಸನದಲ್ಲಿ ಬೇಕೇ ಬೇಕು, ಮಳೆಗಾಲದಲ್ಲಂತೂ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್, ನಿಮ್ಮ ಹೊಸ ಯಂತ್ರಕ್ಕೂ ಮಾನಿಟರಿಗೂ ಸಾಲುತ್ತದೆ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಒಳಗಿರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಸಾದಾ ಬ್ಯಾಟರಿ, ಬೇರೆ ಹಾಕಿಸಬಹುದು. ಹಳೇ ಬ್ಯಾಟರಿಯಲ್ಲಿ ಸೀಸ ಇರುತ್ತದೆ, ಕಸದ ಬುಟ್ಟಿಗೆ ಹಾಕದೆ ಅಂಗಡಿಗೇ ಕೊಡಿ. ಒಂದು ಚಿಕ್ಕ ಅಡಚಣೆ ಇದೆ: ಈಗಿನ ಒಳ್ಳೆ ಎಸ್‌ಎಂಪಿಎಸ್‌ಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಅನ್ನುವ ವ್ಯವಸ್ಥೆ ಇರುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಗೆ ಬದಲಾದಾಗ ಕೊಡುವ ಒರಟು ಅಲೆಯ ಕರೆಂಟ್ ಕೆಲವಕ್ಕೆ ಒಗ್ಗುವುದಿಲ್ಲ. ಕರೆಂಟ್ ಹೋದ ತಕ್ಷಣ ಕಂಪ್ಯೂಟರ್ ಕೂಡ ಆಫ್. ಹಾಗಾಗಿ ಎಲ್ಲ ಜೋಡಿಸಿದ ದಿನವೇ, ಮುಖ್ಯ ಕೆಲಸ ಯಾವುದೂ ತೆರೆದಿಲ್ಲದಾಗ, ಯುಪಿಎಸ್‌ನ ಪ್ಲಗ್ ಕಿತ್ತು ನೋಡಿ. ಐದು ನಿಮಿಷ ನಿಂತರೆ ಸರಿ.

ಡಿವಿಡಿ ರೈಟರ್ ಸಾಟಾ ಆಗಿದ್ದರೆ ಹಾಕಿಕೊಳ್ಳಿ. ನಿಮ್ಮ ಮದುವೆಯ ವಿಡಿಯೋ ಇರುವ ಸಿ.ಡಿ.ಗಳು ಬೀರುವಿನಲ್ಲಿ ಇದ್ದರೆ ಈಗಲೇ ಕಾಪಿ ಮಾಡಿ. ಬರೆದ ಡಿಸ್ಕ್‌ಗಳ ಪದರ ವರ್ಷ ಕಳೆದಂತೆ ಮಂಕಾಗುತ್ತದೆ.

ಕ್ಯಾಬಿನೆಟ್ ಬರುತ್ತದೆ. ಬೋರ್ಡಿನ ಸ್ಕ್ರೂ ತೂತುಗಳ ಅಳತೆ ಆಗಿನಿಂದ ಈಗಿನವರೆಗೂ ಒಂದೇ. ಇದು ಅಸೆಂಬಲ್ಡ್ ಯಂತ್ರಗಳ ಮಾತು. ದೊಡ್ಡ ಕಂಪನಿಗಳ ರೆಡಿಮೇಡ್ ಡೆಸ್ಕ್‌ಟಾಪ್ ಆಗಿದ್ದರೆ ಬೋರ್ಡೂ ಎಸ್‌ಎಂಪಿಎಸ್ಸೂ ಅವರದೇ ಅಳತೆಯವು ಇರುತ್ತವೆ, ಅದರ ತಂಟೆಗೆ ಹೋಗಬೇಡಿ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಬೋರ್ಡಿನ ಕೇಬಲ್ ತೂತುಗಳ ಸುತ್ತ ಇರುವ ತಗಡಿನ ಪಟ್ಟಿಯನ್ನು ಒತ್ತಿ ತೆಗೆದು ಹೊಸ ಬೋರ್ಡಿನ ಜೊತೆ ಬಂದದ್ದನ್ನು ಮೊದಲೇ ಹಾಕಿ. ಬೋರ್ಡ್ ಕೂರಿಸಿ ಒಂಬತ್ತು ಸ್ಕ್ರೂ ಬಿಗಿದ ಮೇಲೆ ಅದು ನೆನಪಾದರೆ ಎಲ್ಲ ಮತ್ತೆ ಬಿಚ್ಚಬೇಕು. ಬೋರ್ಡಿನಡಿ ಇರುವ ಹಿತ್ತಾಳೆಯ ಗುಬಟುಗಳು ತೂತಿನ ನೇರಕ್ಕೇ ಇವೆಯೋ ನೋಡಿ, ತೂತಿಲ್ಲದ ಜಾಗದಲ್ಲಿ ಒಂದು ಉಳಿದರೂ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಪವರ್ ಲೈಟಿನ ವೈರ್ ಹಳೇ ಕ್ಯಾಬಿನೆಟ್ಟಿನಲ್ಲಿ ಮೂರು ಪಿನ್ನಿನದಿದ್ದು ಹೊಸ ಬೋರ್ಡಿನಲ್ಲಿ ಎರಡೇ ಇರಬಹುದು. ಲೈಟ್ ಹತ್ತದಿದ್ದರೆ ಬಿಡಿ, ಅದರಿಂದ ಯಾರಿಗೂ ನಷ್ಟವಿಲ್ಲ.

ಆದರೆ ಕ್ಯಾಬಿನೆಟ್ ತೆಗೆದುಕೊಂಡರೆ ಹಳೇ ಯಂತ್ರ ಬರಿಮೈಯಲ್ಲಿ ಉಳಿಯುತ್ತದೆ ಅಲ್ವಾ? ನನ್ನ ಕೇಳಿದರೆ ಹೊಸದಕ್ಕೆ ಒಂದು ಸಾದಾ ಕ್ಯಾಬಿನೆಟ್ ಕೊಂಡು, ಹಳೇದನ್ನು ಹಾಗೇ ಬಿಡಿ ಅನ್ನುತ್ತೇನೆ. ನಿಮ್ಮ 4460 ಪ್ರೊಸೆಸರಿನಲ್ಲಿ ಒಳಗೇ ಗ್ರಾಫಿಕ್ಸ್ ಇದೆ, ಕಾರ್ಡ್ ತೆಗೆದರೂ ಅದು ಓಡುತ್ತದೆ. ವಿಂಡೋಸ್ 11 ಅದಕ್ಕೆ ಬರುವುದಿಲ್ಲ, ಇಂಟೆಲ್‌ನ 8ನೇ ಪೀಳಿಗೆಯಿಂದ ಈಚಿನದು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಹಾಗಾಗಿ 240 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಬಿಡಿ. ಪೇಪರ್ ಓದುವುದಕ್ಕೆ, ಪಹಣಿ ನೋಡುವುದಕ್ಕೆ, ಯೂಟ್ಯೂಬಿಗೆ 8 ಜಿಬಿ ರ‍್ಯಾಮ್ ಧಾರಾಳ. ಆ ಹಳೇ ಎಸ್‌ಎಂಪಿಎಸ್ ಅಲ್ಲೇ ಇರಲಿ. ಅಲ್ಲಿ ಹೊರೆ ಕಮ್ಮಿ, ಒಂದು ದಿನ ಟಪ್ ಅಂದರೂ ಹೋಗುವುದು ಹಳೇ ಬೋರ್ಡ್. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಆನ್ ಬಿಟ್ಟು ಹೋಗಬೇಡಿ.

ಹಾಗಾದರೆ ನಿಮ್ಮ ಖರೀದಿ ಪಟ್ಟಿಗೆ ರ‍್ಯಾಮ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಸೇರಿತು, ಪ್ರೊಸೆಸರ್ ಹೆಸರಿನಿಂದ ಎಫ್ ಹೋಯಿತು. ಬಜೆಟ್ ಮೀರಿದರೆ ಕ್ಯಾಬಿನೆಟ್ ಬಿಡಿ, ಹಳೇದನ್ನೇ ಬಳಸಿ. ಇನ್ನೂ ಮೀರಿದರೆ ರ‍್ಯಾಮ್ ಸದ್ಯಕ್ಕೆ 8 ಜಿಬಿಯ ಒಂದೇ ಕಡ್ಡಿ ಹಾಕಿ, ಇನ್ನೊಂದು ಆಮೇಲೆ ತಗೊಳ್ಳಿ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಬಿಚ್ಚಲು ಕೂರುವ ಮುಂಚೆ ಹಳೇ ಬೋರ್ಡಿನ ಫೋಟೋ ನಾಲ್ಕು ತೆಗೆದಿಟ್ಟುಕೊಳ್ಳಿ, ಆ ಸಣ್ಣ ಸಣ್ಣ ವೈರುಗಳು ಎಲ್ಲಿದ್ದವು ಅಂತ ಮತ್ತೆ ಹುಡುಕುವಾಗ ಬೇಕಾಗುತ್ತದೆ.